ಗವಾಯಿಗಳ ಮಿದುಳು

ಶ್ರಾವಣ ಬಂತೆಂದರೆ ಗದಗ ಸೀಮೆಯ ಹಳ್ಳಿಗಳಲ್ಲಿ ಪುರಾಣ ಹಚ್ಚುತ್ತಾರೆ. ಸೊರಟೂರಿನಂಥ ಎರೆ ನಾಡಿನ ಊರುಗಳಲ್ಲಿ ಅದು ಹೆಸರುಕಾಯಿ ಬಿಡಿಸುವ ಕಾಲ. ಹಗಲೆಲ್ಲ ಹೊಲದಲ್ಲಿದ್ದವರು ಊಟ ಮುಗಿಸಿ ಗುಡಿಯ ಮುಂದೆ ಬಂದು ಕೂರುತ್ತಾರೆ. ಕಟ್ಟೆಯ ನಡುವೆ ಪುರಾಣ ಹೇಳುವ ಶಾಸ್ತ್ರಿಗಳು, ಒಂದು ಪಕ್ಕ ಹಾರ್ಮೋನಿಯಂ ಹಿಡಿದ ಗವಾಯಿಗಳು, ಇನ್ನೊಂದು ಪಕ್ಕ ತಬಲಾದವರು. ಈ ಗವಾಯಿಗಳಲ್ಲಿ, ತಬಲಾದವರಲ್ಲಿ ಎಷ್ಟೋ ಮಂದಿ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಅವರಲ್ಲಿ ಎಷ್ಟೋ ಮಂದಿಗೆ ಕಣ್ಣಿಲ್ಲ.



ಗವಾಯಿಗಳು ಆಲಾಪ ಶುರು ಮಾಡಿದರೆ ಹಿಂದೆ ಕುಂತ ಅಜ್ಜಿಯೊಬ್ಬರ ಬಾಯಿಂದ ಆ ಮಾತು ಬಂದೇ ಬರುತ್ತದೆ: "ದೇವರು ಕಣ್ಣು ಕಸಗೊಂಡು ಕಂಠ ಕೊಟ್ಟಾನ ನೋಡ್ರಿ." ಕರುಣೆಯಿಂದ ಬಂದ ಮಾತು, ಅನುಮಾನವಿಲ್ಲ. ಆದರೆ ಅದು ಅರ್ಧ ಮಾತ್ರ ನಿಜ. ಉಳಿದ ಅರ್ಧ ಏನೆಂದು ತಿಳಿಯಲು ಮೊದಲು ತಲೆಯ ಹಿಂಭಾಗಕ್ಕೆ ಹೋಗಬೇಕು.

ಕಣ್ಣು ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಕೆಲಸ ಮಿದುಳಿನ ಹಿಂಬದಿಯಲ್ಲಿ ನಡೆಯುತ್ತದೆ. ಇದನ್ನು ದೃಷ್ಟಿ ಕೇಂದ್ರ ಎನ್ನೋಣ. ಹುಟ್ಟಿನಿಂದಲೇ ಕಣ್ಣಿಲ್ಲದವರಲ್ಲಿ ಇಷ್ಟು ದೊಡ್ಡ ಜಾಗ ಪಾಳು ಬಿದ್ದಿರುತ್ತದೆಯೇ? ಬಹಳ ಕಾಲ ವಿಜ್ಞಾನಿಗಳು ಹಾಗೆಯೇ ತಿಳಿದಿದ್ದರು. 1996ರಲ್ಲಿ ನೊರಿಹಿರೊ ಸದಾತೊ ಮತ್ತು ಸಂಗಡಿಗರು ಬ್ರೈಲ್ ಓದುತ್ತಿದ್ದ ಅಂಧರ ಮಿದುಳಿನ ಚಿತ್ರ ತೆಗೆದು ನೋಡಿದರು. ಬೆರಳು ಚುಕ್ಕೆಗಳ ಮೇಲೆ ಹರಿಯುತ್ತಿದ್ದಂತೆ ದೃಷ್ಟಿ ಕೇಂದ್ರ ಕೆಲಸಕ್ಕೆ ಇಳಿದಿತ್ತು. ಕಣ್ಣಿದ್ದವರು ಸ್ಪರ್ಶದ ಕೆಲಸ ಮಾಡುವಾಗ ಅದೇ ಜಾಗ ಇನ್ನಷ್ಟು ತಣ್ಣಗಾಗಿತ್ತು.

ಬರೀ ಚಿತ್ರ ನೋಡಿ ನಂಬಬೇಕೇ ಎಂದು ಕೇಳುವವರು ಇದ್ದೇ ಇರುತ್ತಾರೆ, ಇರಲೂಬೇಕು. ಮರುವರ್ಷ ಲಿಯೊನಾರ್ಡೊ ಕೋಹೆನ್ ಅವರ ತಂಡ ಅಂಧರು ಓದುತ್ತಿದ್ದಾಗ ತಲೆಯ ಹಿಂಭಾಗಕ್ಕೆ ಹೊರಗಿನಿಂದ ಕ್ಷಣಮಾತ್ರದ ಕಾಂತೀಯ ಮಿಡಿತ ಕೊಟ್ಟಿತು. ಓದು ತಪ್ಪತೊಡಗಿತು. ಕೆಲವರಿಗೆ ಇಲ್ಲದ ಚುಕ್ಕೆಗಳು ಇದ್ದಂತೆ ಅನ್ನಿಸಿದವು. ಕಣ್ಣಿದ್ದವರ ಸ್ಪರ್ಶಕ್ಕೆ ಅದೇ ಮಿಡಿತದಿಂದ ಏನೂ ಆಗಲಿಲ್ಲ. 2000ದಲ್ಲಿ ಇನ್ನೂ ಬಲವಾದ ಸಾಕ್ಷಿ ಬಂತು. ಹುಟ್ಟು ಅಂಧೆಯಾಗಿದ್ದು ಬ್ರೈಲ್ ಸರಾಗವಾಗಿ ಓದುತ್ತಿದ್ದ ಮಹಿಳೆಯೊಬ್ಬರಿಗೆ ಮಿದುಳಿನ ಹಿಂಬದಿಯ ಎರಡೂ ಕಡೆ ಪಾರ್ಶ್ವವಾಯು ಹೊಡೆಯಿತು. ಆಮೇಲೆ ಚುಕ್ಕೆ ಬೆರಳಿಗೆ ಸಿಗುತ್ತಿತ್ತು, ಓದಲು ಮಾತ್ರ ಆಗಲಿಲ್ಲ. ಎಂದೂ ನೋಡದ ಆಕೆ ದೃಷ್ಟಿ ಕೇಂದ್ರ ಕಳೆದುಕೊಂಡದ್ದರಿಂದ ಅನಕ್ಷರಸ್ಥೆಯಾದರು.

ಕಿವಿಯ ವಿಷಯಕ್ಕೆ ಬರೋಣ, ಪುರಾಣದ ಕಟ್ಟೆಗೆ ಅದೇ ಮುಖ್ಯ. 2004ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ಎರಡು ಸ್ವರ ಕೇಳಿಸಿ, ಎರಡನೆಯದು ಏರಿತೋ ಇಳಿಯಿತೋ ಹೇಳಿ ಎಂದರು. ಎಳವೆಯಲ್ಲೇ ದೃಷ್ಟಿ ಹೋದವರು ಉಳಿದೆಲ್ಲರಿಗಿಂತ ಮುಂದಿದ್ದರು. ದೊಡ್ಡವರಾದ ಮೇಲೆ ಕಣ್ಣು ಕಳೆದುಕೊಂಡವರು ಕಣ್ಣಿದ್ದವರಷ್ಟೇ. ಅದೇ ವರ್ಷ ಇನ್ನೊಂದು ತಂಡ ಸಂಗೀತ ಕಲಿತ 21 ಅಂಧರನ್ನು ಪರೀಕ್ಷಿಸಿತು. ಶ್ರುತಿಪೆಟ್ಟಿಗೆಯ ಆಸರೆಯಿಲ್ಲದೆ, ಕೇಳಿದ ಸ್ವರ ಯಾವುದೆಂದು ಥಟ್ಟನೆ ಹೇಳುವ ಶಕ್ತಿ ಅವರಲ್ಲಿ 12 ಜನಕ್ಕಿತ್ತು. ಕಣ್ಣಿರುವ ಸಂಗೀತಗಾರರಲ್ಲಿ ಇಂಥವರು ತೀರ ವಿರಳ. ಅಂದರೆ ಅಜ್ಜಿಯ ಮಾತಿಗೆ ಆಧಾರವಿದೆ.

ಆದರೆ ಆ 21 ಜನರೂ ಸಂಗೀತ ಕಲಿತವರು ಎಂಬುದನ್ನು ಗಮನಿಸಿ. ಇದರ ಜೊತೆಗೆ 2008ರ ಒಂದು ಪ್ರಯೋಗವನ್ನೂ ಇಟ್ಟು ನೋಡಬೇಕು. ಕಣ್ಣು ಚೆನ್ನಾಗಿದ್ದ ವಯಸ್ಕರ ಕಣ್ಣಿಗೆ ಐದು ದಿನ ಹಗಲು ರಾತ್ರಿ ಪಟ್ಟಿ ಕಟ್ಟಿ, ಒಂದೇ ಸಮನೆ ಬ್ರೈಲ್ ಕಲಿಸಲಾಯಿತು. ಐದನೇ ದಿನಕ್ಕೆ ಅವರ ದೃಷ್ಟಿ ಕೇಂದ್ರವೂ ಬೆರಳಿನ ಕೆಲಸಕ್ಕೆ ಕೈಜೋಡಿಸಿತ್ತು. ಪಟ್ಟಿ ಬಿಚ್ಚಿದ ಒಂದೇ ದಿನದಲ್ಲಿ ಆ ಬದಲಾವಣೆ ಅಳಿಸಿಹೋಯಿತು. ಮಿದುಳಿನ ಈ ಭಾಗ ಊರ ಹೊರಗಿನ ಗೋಮಾಳ ಇದ್ದಂತೆ: ಉಳುವವರು ಬಂದರೆ ಬೆಳೆ, ಬರದಿದ್ದರೆ ಕಸ. ಕಣ್ಣು ಹೋದ ಮಾತ್ರಕ್ಕೆ ಕಂಠ ಬರುವುದಿಲ್ಲ. ಬಂದಿದ್ದರೆ ಹಳ್ಳಿಯ ಜಗಲಿಗಳ ಮೇಲೆ "ಪಾಪ, ಇವಂಗೇನ ಹೇಳಬ್ಯಾಡ್ರಿ" ಎನ್ನಿಸಿಕೊಂಡು ಇಡೀ ಬಾಳು ಕುಂತೇ ಕಳೆದ ಮಕ್ಕಳೆಲ್ಲ ಗವಾಯಿಗಳಾಗಬೇಕಿತ್ತು.

ಹಾಗಾದರೆ ಗದಗಿನಲ್ಲಿ ಉಳುವವರು ಎಲ್ಲಿಂದ ಬಂದರು?

1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯ ಎಂಬ ಮಗು ಹುಟ್ಟಿತು. ಅವನಿಗೂ ಕಣ್ಣಿಲ್ಲ, ಅಣ್ಣ ಗುರುಬಸಯ್ಯನಿಗೂ ಕಣ್ಣಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ಈ ಹುಡುಗರ ಕಂಠ ಕೇಳಿ ಸಂಗೀತ ಕಲಿಸುವ ಹೊಣೆ ಹೊತ್ತರು. ಬಾದಾಮಿ ಹತ್ತಿರದ ಶಿವಯೋಗ ಮಂದಿರವನ್ನು ಕಟ್ಟಿದವರು ಇದೇ ಸ್ವಾಮಿಗಳು. ಗದಿಗೆಯ್ಯ ಮೊದಲು ಕರ್ನಾಟಕ ಸಂಗೀತ ಕಲಿತರು, ಆಮೇಲೆ ಮಿರಜಿನ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ ಕಲಿತರು. ಮುಂದೆ ಪಂಚಾಕ್ಷರಿ ಗವಾಯಿಗಳಾದರು.

ನಿಡಗುಂದಿಕೊಪ್ಪದಲ್ಲಿ 1914ರಲ್ಲಿ ಅವರು ಶುರು ಮಾಡಿದ್ದು ಸಂಚಾರಿ ಸಂಗೀತ ಪಾಠಶಾಲೆ. ಒಂದು ಕಡೆ ನಿಲ್ಲುವ ಶಾಲೆಯಲ್ಲ. ಅಂಧ ಮಕ್ಕಳು, ಅನಾಥ ಮಕ್ಕಳು, ಕಲಿಯುವ ಆಸೆಯಿದ್ದ ಬಡ ಮಕ್ಕಳು, ಎಲ್ಲರನ್ನೂ ಕಟ್ಟಿಕೊಂಡು ಊರೂರು ತಿರುಗುವುದು, ಭಕ್ತರು ಕೊಟ್ಟ ಜೋಳದಲ್ಲಿ ರೊಟ್ಟಿ, ಎಲ್ಲಿ ಬಿಡಾರವೋ ಅಲ್ಲೇ ಪಾಠ. ಆಮೇಲೆ ಹೊಟ್ಟೆಪಾಡಿಗೆ ನಾಟಕ ಕಂಪನಿಯೂ ಬಂತು. ಕೊನೆಗೆ ಗದಗಿನ ಬಸರಿಗಿಡದ ವೀರಪ್ಪನವರ ದಾನದಿಂದ ಶಾಲೆಗೆ ನೆಲೆ ಸಿಕ್ಕಿತು, ಅದೇ ವೀರೇಶ್ವರ ಪುಣ್ಯಾಶ್ರಮ. ಬಸವರಾಜ ರಾಜಗುರು ಅವರಂಥ ಗಾಯಕರು ಈ ಪಂಗಡದಿಂದ ಬಂದರು. 1995ರ 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಲನಚಿತ್ರ ನೋಡಿದವರಿಗೆ ಈ ಕಥೆ ಗೊತ್ತು. ಅದರ ಸಂಗೀತಕ್ಕೆ ಹಂಸಲೇಖ ಅವರಿಗೂ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಸಿನಿಮಾ ಪವಾಡದ ಕಡೆ ವಾಲುತ್ತದೆ. ನನಗೆ ಪವಾಡಕ್ಕಿಂತ ಆ ಪಾಠದ ಕ್ರಮ ದೊಡ್ಡದು ಅನ್ನಿಸುತ್ತದೆ.

ಪಾಠಶಾಲೆ ಶುರುವಾದ 1914ರಲ್ಲೇ, ಅದೇ ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ ಪುಟ್ಟರಾಜರು ಹುಟ್ಟಿದರು. ಕೂಸಾಗಿದ್ದಾಗಲೇ ಕಣ್ಣು ಹೋದವು. ಹುಡುಗ ಹಾರ್ಮೋನಿಯಂ ಮೇಲೆ ಬೆರಳಾಡಿಸುವುದನ್ನು ಕಂಡ ಸೋದರಮಾವ ಅವನನ್ನು ಗವಾಯಿಗಳ ಕೈಗೆ ಒಪ್ಪಿಸಿದರು. ಹಾರ್ಮೋನಿಯಂ ಕಣ್ಣಿಲ್ಲದವರಿಗೆ ಒದಗುವ ವಾದ್ಯ. ಕಪ್ಪು ಮನೆಗಳು ಎದ್ದು ನಿಂತಿರುತ್ತವೆ, ಅವೂ ಎರಡರ ಗುಂಪು, ಮೂರರ ಗುಂಪು ಎಂದು ಬಿಡಿಬಿಡಿಯಾಗಿರುತ್ತವೆ. ಬೆರಳು ಒಮ್ಮೆ ಸವರಿದರೆ ಸಾಕು, ಕಾಳಿ ಎರಡು, ಅಂದರೆ ಎರಡನೇ ಕಪ್ಪು ಮನೆ, ಎಲ್ಲಿದೆ ಎಂದು ತಿಳಿಯುತ್ತದೆ. ಕಣ್ಣಿದ್ದವರೂ ಕೊನೆಗೆ ಹಾಗೆಯೇ ನುಡಿಸುವುದು, ಕೆಳಗೆ ನೋಡಿಕೊಂಡು ಅಲ್ಲ.

ಬರೆಯುವ ಕೆಲಸ ಇದಕ್ಕಿಂತ ಕಠಿಣ. ಬ್ರೈಲ್‌ನ ಒಂದು ಮನೆಯಲ್ಲಿ ಎರಡು ಕಂಬ, ಕಂಬಕ್ಕೆ ಮೂರು ಚುಕ್ಕೆ. ಕನ್ನಡದ 'ಕ' ಎಂದರೆ ಎಡಗಂಬದ ಮೇಲಿನ ಚುಕ್ಕೆ ಮತ್ತು ಕೆಳಗಿನ ಚುಕ್ಕೆ. ಆದರೆ ಕೈಯಲ್ಲಿ ಬರೆಯುವಾಗ ಕಾಗದದ ಬೆನ್ನಿಗೆ ಮೊಳೆಯಂಥ ಕಡ್ಡಿಯಿಂದ ಚುಚ್ಚಬೇಕು, ಚುಕ್ಕೆ ಆಚೆ ಬದಿಗೆ ಉಬ್ಬಬೇಕು. ಹಾಗಾಗಿ ಬಲದಿಂದ ಎಡಕ್ಕೆ ಹೋಗುತ್ತ ಪ್ರತಿ ಅಕ್ಷರವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಚುಚ್ಚಬೇಕು. ಕ ಬರೆಯುವವನ ಕೈ ಬಲಗಂಬಕ್ಕೆ ಹೋಗುತ್ತದೆ. ಪುಟ ಮಗುಚಿದಾಗ ಅದು ಎಡಕ್ಕೆ ಬಂದು 'ಕ' ಆಗುತ್ತದೆ. ಗುಣಿತಾಕ್ಷರದ ಕೊಂಬು, ಇಳಿ ಯಾವುದೂ ಅಂಟಿಕೊಳ್ಳುವುದಿಲ್ಲ, 'ಕಿ' ಎಂದರೆ ಕ ಆದಮೇಲೆ ಇ. ಹೀಗೆ ಕೂತು ಪುಟ್ಟರಾಜ ಗವಾಯಿಗಳು ಸಂಸ್ಕೃತದ ಭಗವದ್ಗೀತೆಯನ್ನು ಬ್ರೈಲ್‌ಗೆ ತಂದರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಪುರಾಣ, ನಾಟಕ ಎಂದು ಎಂಬತ್ತಕ್ಕೂ ಹೆಚ್ಚು ಪುಸ್ತಕ ರಚಿಸಿದರು.

ಬೆರಳಿಗೆ ಇಷ್ಟು ಸೂಕ್ಷ್ಮ ಎಲ್ಲಿಂದ ಬಂತು ಎನ್ನುವುದಕ್ಕೂ ಅಳತೆಯಿದೆ. 2003ರಲ್ಲಿ ಡೇನಿಯಲ್ ಗೋಲ್ಡ್‌ರೈಚ್ ಮತ್ತು ಇಂಗ್ರಿಡ್ ಕಾನಿಕ್ಸ್ ಬೆರಳ ತುದಿಯ ಸ್ಪರ್ಶವನ್ನು ಪರೀಕ್ಷಿಸಿದರು. ವಯಸ್ಸಾದಂತೆ ಎಲ್ಲರ ಬೆರಳೂ ಮಂದವಾಗುತ್ತದೆ. ಅಂಧರ ಬೆರಳು ಮಾತ್ರ ತಮಗಿಂತ 23 ವರ್ಷ ಚಿಕ್ಕವರಾದ ಕಣ್ಣಿದ್ದವರ ಬೆರಳಿನಷ್ಟು ಚುರುಕಾಗಿತ್ತು.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡಾಗ ಆಶ್ರಮದ ಭಾರ ಮೂವತ್ತರ ಪುಟ್ಟರಾಜರ ಹೆಗಲಿಗೆ ಬಿತ್ತು. 2010ರ ಸೆಪ್ಟೆಂಬರ್ 17ರಂದು, 96ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಅವರು ಅದನ್ನು ಹೊತ್ತರು. ಪದ್ಮಭೂಷಣ ಬಂದದ್ದೂ ಅದೇ ವರ್ಷ. ಗದಗಿನವರಿಗೆ ಅವರು ಪ್ರಶಸ್ತಿ ಬಂದವರಲ್ಲ, ಅಜ್ಜಾರು.

ಇಲ್ಲಿ ಮನಶ್ಶಾಸ್ತ್ರದ ಒಂದು ವಿಷಯ ಹೇಳಬೇಕು. 1977ರಲ್ಲಿ ಆಲ್ಬರ್ಟ್ ಬಂಡೂರಾ ಎಂಬ ವಿಜ್ಞಾನಿ, 'ಇದು ನನ್ನ ಕೈಲಾಗುತ್ತದೆ' ಎಂಬ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂದು ವಿವರಿಸಿದರು. ಬಹಳ ಗಟ್ಟಿಯಾದ ಮೂಲ, ತಾನೇ ಮಾಡಿ ಗೆದ್ದ ಅನುಭವ. ಇನ್ನೊಂದು, ತನ್ನಂಥವನೇ ಒಬ್ಬ ಮಾಡುವುದನ್ನು ಕಂಡ ಅನುಭವ. ಬಾಯಿಮಾತಿನ ಧೈರ್ಯ ಇವುಗಳಿಗಿಂತ ತೀರ ದುರ್ಬಲ. ನಾವು ಕಾಯಿಲೆಯವರ ಮನೆಗೆ ಹೋದರೆ ಕೊಡುವುದು ಯಾವುದು? ಎರಡು ಸೇಬು, ಒಂದು 'ಧೈರ್ಯ ತಗೋರಿ'. ಪುಣ್ಯಾಶ್ರಮದಲ್ಲಿ ಹೊಸ ಹುಡುಗನಿಗೆ ಸಿಗುತ್ತಿದ್ದದ್ದು ಬೇರೆ. ಅವನ ಕೈ ಹಿಡಿದು ತಬಲಾದ ಕರಣೆಯ ಮೇಲಿಡುವವರಿಗೂ ಕಣ್ಣಿಲ್ಲ, ಪಕ್ಕದಲ್ಲಿ ಕಾಯದಾ ಬಾರಿಸುವವನಿಗೂ ಕಣ್ಣಿಲ್ಲ, ಗುರುಗಳಿಗಂತೂ ಮೊದಲೇ ಇಲ್ಲ. ಕಣ್ಣಿದ್ದ ಹುಡುಗರೂ ಅಲ್ಲೇ ಕಲಿತರು. ಇಂದು ದೇಶವೇ ಕೇಳುವ ಪಂಡಿತ್ ಎಂ. ವೆಂಕಟೇಶ ಕುಮಾರ್ ಅವರೂ ಅಲ್ಲಿ ಪುಟ್ಟರಾಜರ ಮುಂದೆ ಕೂತು ಕಲಿತವರು. ಕಣ್ಣಿದ್ದವನು ಕಣ್ಣಿಲ್ಲದವರ ಶಿಷ್ಯನಾಗುವ ಮನೆಯಲ್ಲಿ 'ಪಾಪ' ಎಂಬ ಮಾತಿಗೆ ಜಾಗ ಕಡಿಮೆ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕೇಟ್ ಲಾರಿಗ್ ಎಂಬ ದಾದಿ-ಸಂಶೋಧಕಿ ಸಂಧಿವಾತದ ರೋಗಿಗಳಿಗೆ ತರಗತಿ ನಡೆಸಿ ಕಂಡದ್ದೂ ಇದೇ. ತರಗತಿ ನಡೆಸುವವರು ವೈದ್ಯರಲ್ಲ, ಅದೇ ಕಾಯಿಲೆ ಇರುವ ಸಾಮಾನ್ಯ ಜನ. ನೋವು ಕಡಿಮೆಯಾದವರು ಯಾರೆಂದು ಲೆಕ್ಕ ಹಾಕಿದರೆ, ಅದು ಹೇಳಿಕೊಟ್ಟ ವ್ಯಾಯಾಮವನ್ನು ಎಷ್ಟು ಮಾಡಿದರು ಎನ್ನುವುದಕ್ಕಿಂತ 'ಕೈಲಾಗುತ್ತದೆ' ಎಂಬ ನಂಬಿಕೆ ಎಷ್ಟು ಬೆಳೆಯಿತು ಎನ್ನುವುದಕ್ಕೆ ಹೆಚ್ಚು ಹೊಂದುತ್ತಿತ್ತು.

ಹಾಗೆಂದು ಎಲ್ಲಕ್ಕೂ ಹೊಂದಿಕೊಳ್ಳುತ್ತೇವೆ ಎಂದು ಬೀಗುವಂತಿಲ್ಲ. 1978ರ ಒಂದು ಪ್ರಸಿದ್ಧ ಅಧ್ಯಯನವನ್ನು ಭಾಷಣಕಾರರು ಇಂದಿಗೂ ಹೇಳುತ್ತಾರೆ: ಲಾಟರಿ ಹೊಡೆದವರೂ ಅಪಘಾತದಲ್ಲಿ ಕೈಕಾಲು ಸ್ವಾಧೀನ ಕಳೆದುಕೊಂಡವರೂ ಕಡೆಗೆ ಒಂದೇ ಸಮ ಸುಖಿಗಳು ಎಂದು. ಆ ಅಧ್ಯಯನದಲ್ಲಿದ್ದ ಅಪಘಾತದ ಗಾಯಾಳುಗಳು 29 ಮಂದಿ, ಅವರು ಉಳಿದವರಿಗಿಂತ ಕಡಿಮೆ ಸುಖಿಗಳೆಂದೇ ಅದರಲ್ಲಿ ಇದೆ. ಮುಂದೆ ರಿಚರ್ಡ್ ಲೂಕಾಸ್ ಜರ್ಮನಿಯಲ್ಲಿ ವರ್ಷವರ್ಷವೂ ಸಾವಿರಾರು ಜನರನ್ನು ಕೇಳಿ ಸಂಗ್ರಹಿಸಿದ ಮಾಹಿತಿ ತೆಗೆದು ನೋಡಿದರು. ತೀವ್ರ ಅಂಗವೈಕಲ್ಯ ಬಂದವರ ನೆಮ್ಮದಿ ಕುಸಿದಿತ್ತು, ವರ್ಷಗಳಾದರೂ ಪೂರ್ತಿ ಮೇಲೆ ಬಂದಿರಲಿಲ್ಲ. ಇನ್ನೊಂದು ಮಗ್ಗುಲೂ ಇದೆ. 1999ರಲ್ಲಿ ಗ್ಯಾರಿ ಆಲ್ಬ್ರೆಕ್ಟ್ ಮತ್ತು ಪ್ಯಾಟ್ರಿಕ್ ಡೆವ್ಲೀಗರ್ 153 ಅಂಗವಿಕಲರ ಜೊತೆ ಕೂತು ಮಾತಾಡಿದಾಗ, ಸಾಧಾರಣದಿಂದ ತೀವ್ರ ಅಂಗವೈಕಲ್ಯವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಬಾಳು ಚೆನ್ನಾಗಿದೆ ಎಂದರು. ಹೊರಗಿನವರು ಊಹಿಸುವ ಕತ್ತಲೆ ಒಳಗಿದ್ದವರಿಗೆ ಅಷ್ಟಿಲ್ಲ. ಎರಡೂ ನಿಜ. ನಷ್ಟ ನಷ್ಟವೇ, ಬದುಕು ಅದರ ಪಕ್ಕದಲ್ಲೇ ನಡೆಯುತ್ತದೆ.

ನನಗೆ ಸಿಟ್ಟು ಬರುವುದು ಭರವಸೆಯನ್ನು ಔಷಧಿಯಂತೆ ಮಾರುವವರ ಮೇಲೆ. 'ಪಾಸಿಟಿವ್ ಆಗಿರಿ, ಕ್ಯಾನ್ಸರ್ ಓಡಿಹೋಗುತ್ತದೆ' ಎನ್ನುವ ಮಾತು ಮೊಬೈಲ್‌ನಲ್ಲಿ ದಿನಾ ಬರುತ್ತದೆ. 2007ರಲ್ಲಿ ಜೇಮ್ಸ್ ಕಾಯ್ನ್ ಮತ್ತು ಸಂಗಡಿಗರು ತಲೆ, ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ರೋಗಿಗಳ ಮಾಹಿತಿ ಪರಿಶೀಲಿಸಿದರು. ಮನಸ್ಸಿನ ಉಲ್ಲಾಸಕ್ಕೂ ಬದುಕುಳಿದ ಕಾಲಕ್ಕೂ ನಂಟು ಸಿಗಲಿಲ್ಲ. ರೋಗ ಉಲ್ಬಣವಾದರೆ ಅದು ರೋಗಿಯ ಮನೋಬಲ ಸಾಲದ್ದಕ್ಕೆ ಅಲ್ಲ. ಭರವಸೆ ಆಯುಷ್ಯ ಕೊಡದಿದ್ದರೂ ಇವತ್ತಿನ ದಿನವನ್ನು ಕೊಡುತ್ತದೆ. ಅದು ಸಣ್ಣದಲ್ಲ.

ಆ ಭರವಸೆ ಬರುವುದು ಹೇಗೆ? ಮನಸ್ಸು ಸರಿಯಾಗಲಿ, ಆಮೇಲೆ ಕೆಲಸ ಎನ್ನುತ್ತೇವೆ. ನಮ್ಮ ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಅವರ ತಂಡ ಇದನ್ನು ತಿರುವುಮುರುವು ಮಾಡಿ ನೋಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಖಿನ್ನತೆಯಿದ್ದ 495 ಜನ. ಅವರಲ್ಲಿ ಅರ್ಧದಷ್ಟು ಮಂದಿಗೆ, ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯರು ಆರರಿಂದ ಎಂಟು ಸಲ ಭೇಟಿಯಾಗಿ, ಬಿಟ್ಟುಹೋಗಿದ್ದ ಸಣ್ಣಪುಟ್ಟ ಕೆಲಸಗಳನ್ನು ಮತ್ತೆ ಹಚ್ಚಿಕೊಟ್ಟರು. ಮನಸ್ಸು ಬರಲಿ ಎಂದು ಕಾಯಲಿಲ್ಲ. ಮೂರು ತಿಂಗಳಿಗೆ ಅವರಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ಇನ್ನೊಂದು ಗುಂಪಿನಲ್ಲಿ 39. ಫಲಿತಾಂಶ 2017ರಲ್ಲಿ ಪ್ರಕಟವಾಯಿತು.

ಪುರಾಣದ ಗವಾಯಿಗಳಿಗೆ ಈ ಕ್ರಮ ಯಾರೂ ಹೇಳಿಕೊಡಬೇಕಿಲ್ಲ. ಮೈ ನೆಟ್ಟಗಿರಲಿ ಬಿಡಲಿ, ರಾತ್ರಿ ಎಂಟಕ್ಕೆ ಕಟ್ಟೆಯ ಮೇಲಿರಬೇಕು. ಊರು ಬಂದು ಕುಂತಿರುತ್ತದೆ. ಬರದಿದ್ದರೆ "ಗವಾಯಿಗಳು ಯಾಕ ಬಂದಿಲ್ರಿ?" ಎಂದು ಕೇಳುವವರಿರುತ್ತಾರೆ. ಆ ಪ್ರಶ್ನೆ ಕೇಳುವವರು ಇರುವುದೇ ಅರ್ಧ ಚಿಕಿತ್ಸೆ ಎಂದು ನಾನು ನಂಬಿದ್ದೇನೆ.

ಹಾಗೆ ಕೇಳುವವರಿಲ್ಲದ ಅಂಗವೈಕಲ್ಯವೂ ಇದೇ ಗದಗ ಜಿಲ್ಲೆಯಲ್ಲಿದೆ. ಮುಂಡರಗಿ ತಾಲ್ಲೂಕಿನ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿಗೆ ಭಾರತದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯಿಲ್ಲದಿದ್ದರೆ 1.5. ಅದಕ್ಕಿಂತ ಬಹಳ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆಯ ಖನಿಜದೊಳಗೆ ಸೇರಿಕೊಳ್ಳುತ್ತದೆ. ಮೂಳೆ ದಟ್ಟವಾಗುತ್ತದೆ, ಆದರೆ ಗಟ್ಟಿಯಾಗುವುದಿಲ್ಲ. ಮೂಳೆ ಮೂಳೆ ಹಿಡಿದಿಡುವ ಕಟ್ಟುಗಳಿಗೂ ಸುಣ್ಣ ಹತ್ತುತ್ತದೆ. ಬೆನ್ನು ಕೋಲಿನಂತಾಗುತ್ತದೆ, ಕತ್ತು ಹೊರಳುವುದಿಲ್ಲ, ಕೆಳಗೆ ಕುಂತರೆ ಏಳಲಾಗುವುದಿಲ್ಲ. ಮೂಳೆಗೆ ಒಮ್ಮೆ ಆದದ್ದನ್ನು ಹಿಂದೆ ತಿರುಗಿಸುವ ಮದ್ದಿಲ್ಲ.

ಇಂಥ ಬೆನ್ನಿನವರು ಕೆಲಸವನ್ನು ನೋವಿನಿಂದ ಅಳೆಯುತ್ತಾರೆ. ನೋವು ಕಡಿಮೆಯಿದ್ದ ದಿನ ಇದ್ದಬದ್ದ ಶೇಂಗಾವನ್ನೆಲ್ಲ ಒಡೆದು ಮುಗಿಸುವುದು, ಮುಂದಿನ ಮೂರು ದಿನ ಹಾಸಿಗೆ. ಬೆನ್ನು ಸೋತು ಮಲಗಿದ್ದಕ್ಕೆ ಮನಸ್ಸೂ ಸೋಲುತ್ತದೆ. ವಿಲ್ಬರ್ಟ್ ಫೋರ್ಡೈಸ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಇದಕ್ಕೆ ಸರಳ ದಾರಿ ತೋರಿಸಿದರು. ನೋವು ಬಂದಾಗ ನಿಲ್ಲಿಸುವುದಲ್ಲ, ಗಡಿಯಾರ ನೋಡಿ ನಿಲ್ಲಿಸುವುದು. ಹತ್ತು ನಿಮಿಷ ಎಂದರೆ ಹತ್ತೇ ನಿಮಿಷ, ಮೈ ಹಗುರಿದ್ದ ದಿನವೂ ಅಷ್ಟೇ, ಭಾರವಿದ್ದ ದಿನವೂ ಅಷ್ಟೇ. ಆಮೇಲೆ ವಾರಕ್ಕಿಷ್ಟೆಂದು ಏರಿಸುವುದು. ಸಂಗೀತದ ರಿಯಾಜಿನಲ್ಲೂ ಇದೇ ಲೆಕ್ಕ, ಮನಸ್ಸಿದ್ದಷ್ಟು ಹೊತ್ತಲ್ಲ, ಗುರುಗಳು ಹೇಳಿದಷ್ಟು ಹೊತ್ತು.

ಹೊಲಕ್ಕೆ ಬಗ್ಗಲಾಗದ ಅರವತ್ತರ ರೈತನಿಗೆ ಊರು ಏನು ಕೆಲಸ ಕೊಡಬಹುದು? ಪುರಾಣದ ಸಮಿತಿಯ ಲೆಕ್ಕ ಬರೆಯಬಹುದು, ಹಾಲಿನ ಡೇರಿಯಲ್ಲಿ ಅಳತೆಯ ಪಟ್ಟಿ ಹಿಡಿಯಬಹುದು. ಅದಕ್ಕಿಂತ ಮುಖ್ಯವಾದ ಒಂದು ಕೆಲಸ ಅವನಿಗಷ್ಟೇ ಒಪ್ಪುತ್ತದೆ. ಊರಿನ ಬೋರ್‌ವೆಲ್ ನೀರು ಪರೀಕ್ಷೆಗೆ ಹೋಯಿತೇ, ಅಂಕಿ ಎಷ್ಟು ಬಂತು ಎಂದು ಗ್ರಾಮ ಪಂಚಾಯ್ತಿಗೆ ಹೋಗಿ ಕೇಳುವುದು, ಕೇಳಿದ್ದನ್ನು ಓಣಿಯಲ್ಲಿ ಹೇಳುವುದು. ಎಂಟು ವರ್ಷದೊಳಗಿನ ಮಕ್ಕಳ ಕಾಯಂ ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿರುತ್ತವೆ, ಕಲೆ ಬೀಳುವುದು ಆಗಲೇ. ಆ ವಯಸ್ಸಿನಲ್ಲಿ ನೀರು ಬದಲಾದರೆ ಹಲ್ಲೂ ಉಳಿಯುತ್ತದೆ, ಮುಂದೆ ಬೆನ್ನೂ ಉಳಿಯುತ್ತದೆ. ಹೊಳೆಯ ನೀರು ಬರುವ ನಲ್ಲಿ, ಮಳೆನೀರಿನ ತೊಟ್ಟಿ, ಶುದ್ಧೀಕರಣ ಘಟಕ, ಯಾವುದು ಸಿಗುತ್ತದೋ ಕುಡಿಯಲು ಮತ್ತು ಅಡಿಗೆಗೆ ಅದು. ಬೋರಿನ ನೀರಿನಲ್ಲಿ ಬಟ್ಟೆ ಒಗೆಯಲು ಅಡ್ಡಿಯಿಲ್ಲ. ಕಾಯಿಸಿ ಕುಡಿದರೆ ಸರಿಹೋಗುತ್ತದೆ ಎಂದು ನಂಬಿದ ಮನೆಗಳು ಬಹಳ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಪಾತ್ರೆಯಲ್ಲಿ ಅದರ ಪ್ರಮಾಣ ಇನ್ನೂ ಏರುತ್ತದೆ. ಇದನ್ನು ಆರೋಗ್ಯ ಇಲಾಖೆಯ ಭಿತ್ತಿಪತ್ರ ಹೇಳಿದರೆ ಯಾರೂ ನಿಂತು ಓದುವುದಿಲ್ಲ. ಕತ್ತು ಹೊರಳಿಸಲಾಗದೆ ಇಡೀ ಮೈ ತಿರುಗಿಸಿ ಮಾತಾಡುವ ಹಿರಿಯರೊಬ್ಬರು ಕಟ್ಟೆಯ ಮೇಲೆ ಕುಂತು ಹೇಳಿದರೆ ಕೇಳುತ್ತಾರೆ.